ಬದರ್‌ಪುರದ ಕೆಳರಸ್ತೆ

ಏಪ್ರಿಲ್ 8, ಸೋಮವಾರ

ಹೊಸವರ್ಷಕ್ಕೆ ಮಗಳು ನಿರೀಕ್ಷಾ ನೋಯ್ಡಾದ ತನ್ನ ಆಫೀಸಿನಿಂದ ತಂದುಕೊಟ್ಟ ಡೈರಿ ಇದು. ಇಷ್ಟು ದಿನ ಉದ್ದಿನ ಡಬ್ಬದ ಅಡಿಗೆ ಕೊಟ್ಟಿದ್ದೆ, ಡಬ್ಬ ಅಲುಗಾಡದಿರಲಿ ಎಂದು. ಇವತ್ತು ಎಳೆದು ತೆಗೆದೆ. ಅಲುಗಾಡಿದರೆ ಅಲುಗಾಡಲಿ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಇವರ ಎಡಗಣ್ಣು ಹೋಯಿತು. ಬಲಗಣ್ಣಿನ ಹಿಂದೆಯೂ ರಕ್ತ ಸೋರಿದೆ. ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿದರೆ ಇದ್ದಷ್ಟು ಉಳಿಯಬಹುದು. ಎಲ್ಲಾ ಸಕ್ಕರೆ ಕಾಯಿಲೆಯ ಪ್ರಸಾದ. "ಡ್ರೈವಿಂಗ್ ಬಂದ್. ಬಿಲ್‌ಕುಲ್ ಬಂದ್," ಎಂದರು.  ಮನೆಯ ಮೆಟ್ಟಿಲು ಹತ್ತುವಾಗ ಇವರು, "ನಾಳೆ ಹಿಟ್ಟು ಯಾರು ತಗೊಂಡು ಹೋಗುವುದು?" ಎಂದು ಕೇಳಿದರು.

ತಲೆಯೊಳಗೆ ಗೋಜಲಾಗಿರುವುದನ್ನು ಸಾಲಾಗಿ ಬರೆದರೆ ದಾರಿ ಕಂಡೀತು. ನಾವಿರುವುದು ಕೋಟ್ಲಾದಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಬೆನ್ನಿಗೆ. ಅಂಗಡಿ ಇರುವುದು ಫರೀದಾಬಾದಿನ ಬಾಟಾ ಚೌಕದಲ್ಲಿ, ಹಳೆಯ ಮಥುರಾ ರಸ್ತೆಯ ಮೇಲೆ. ಮಧ್ಯೆ ಇಪ್ಪತ್ತೈದು ಕಿಲೋಮೀಟರು. ಅಲ್ಲಿನ ಬೋರಿನ ನೀರು ಉಪ್ಪು. ಅದರಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಯನ್ನು ನಾಯಿಯೂ ಮೂಸುವುದಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷದಿಂದ ಸಂಜೆ ನಾನು ಇಲ್ಲಿ ರುಬ್ಬುವುದು, ಬೆಳಿಗ್ಗೆ ಐದರೊಳಗೆ ಇವರು ಹುದುಗಿದ ಹಿಟ್ಟನ್ನು ವ್ಯಾನಿಗೆ ಹಾಕಿಕೊಂಡು ಹೊರಡುವುದು, ಆರಕ್ಕೆ ಶಟರ್ ಎತ್ತುವುದು. ಅಲ್ಲಿ ಅಡುಗೆಯ ದಿಲೀಪ ಹಿಂಬಾಗಿಲಿಂದ ಒಳಗೆ ಹೋಗಿ ಒಲೆ ಹಚ್ಚಿಕೊಂಡು ಕಾದಿರುತ್ತಾನೆ. ಕಾರ್ಖಾನೆಗಳ ಮೊದಲ ಪಾಳಿಯವರು ಏಳರೊಳಗೆ ತಿಂದು ಏಳಬೇಕು. ಬೋರ್ಡಿನ ಮೇಲೆ 'ಚನಿಯ ಟಿಫಿನ್ಸ್' ಎಂದು ಹಿಂದಿಯಲ್ಲಿ ದಪ್ಪ ಅಕ್ಷರ. ನಾನು ಬಾಯಿಬಿಟ್ಟು ಹೇಳದ ಇವರ ಹೆಸರನ್ನು ಇಡೀ ಫರೀದಾಬಾದ್ ದಿನಾ ಓದುತ್ತದೆ.

ಅಂಗಡಿಯ ಕರಾರು ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಇವರ ಕಣ್ಣು ಒಂದು ಹದಕ್ಕೆ ಬಂದೀತು. ಅಲ್ಲಿಯವರೆಗೆ ಅಂಗಡಿ ಮುಚ್ಚಬಾರದು. ಅದು ಮುಚ್ಚಿದರೆ ಈ ಮನುಷ್ಯ ಗೋಡೆ ನೋಡಿಕೊಂಡೇ ಕೂತುಬಿಡುತ್ತಾರೆ, ನನಗೆ ಗೊತ್ತು.

ಏಪ್ರಿಲ್ 19, ಶುಕ್ರವಾರ

ಹನ್ನೊಂದು ದಿನಕ್ಕೆ ಮೂವರು ಡ್ರೈವರ್‌ಗಳು. ಒಬ್ಬನಿಗೆ ಐದು ಗಂಟೆ ಎಂದರೆ ಆರೂವರೆ. ಇನ್ನೊಬ್ಬ ಹಿಟ್ಟಿನ ವಾಸನೆಗೆ ತಲೆ ಸುತ್ತುತ್ತದೆ ಎಂದ. ಮೂರನೆಯವನು ಇವತ್ತು ಬರಲೇ ಇಲ್ಲ, ಫೋನೂ ಬಂದ್. ಕೊನೆಗೆ ಪಕ್ಕದ ಬೀದಿಯ ಟೆಂಪೋದವನ ಕೈಕಾಲು ಹಿಡಿದು ಕಳಿಸಿದಾಗ ಎಂಟು ಗಂಟೆ. ದಿಲೀಪ ಫೋನಿನಲ್ಲಿ, "ಅಕ್ಕ, ಜನ ಬಂದು ಶಟರ್ ನೋಡಿ ಎದುರಿನ ಪರಾಠೆಯವನ ಹತ್ರ ಹೋದ್ರು," ಎಂದ. 

ಸಂಜೆ ಕಿರಣ್ ಬಂದ. ಇವರ ತಮ್ಮನ ಮಗ, ಗುರುಗ್ರಾಮದಲ್ಲಿ ದೊಡ್ಡ ಹೋಟೆಲು ನಡೆಸುತ್ತಾನೆ. ಹುಡುಗ ಕೆಟ್ಟವನಲ್ಲ.

"ದೊಡ್ಡಮ್ಮ, ಈ ಒದ್ದಾಟ ಯಾಕೆ? ಸೆಪ್ಟೆಂಬರಿಗೆ ಕರಾರು ಮುಗೀತದಲ್ಲ, ಬಿಟ್ಟುಬಿಡಿ. ದೊಡ್ಡಪ್ಪ ನಮ್ಮ ಕೌಂಟರಿನಲ್ಲಿ ಕೂತ್ಕೊಳ್ಳಲಿ. ಎಸಿ ಉಂಟು."

"ಕಣ್ಣು ಕಾಣದವರು ಕೌಂಟರಿನಲ್ಲಿ ಕೂತು ಎಂಥ ಮಾಡುವುದು ಮಾರಾಯ? ದೇವರ ಫೋಟೋದ ಹಾಗಾ?"

ಇವರು ಒಳಗಿನಿಂದ ಕೇಳಿಸಿಕೊಂಡರು. ನಗಲಿಲ್ಲ. ನಾನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು.

ಏಪ್ರಿಲ್ 20

ನಾನೇ ಓಡಿಸುತ್ತೇನೆ. ಇವರಿಗೆ ಗುಣವಾಗುವವರೆಗೆ ಮಾತ್ರ.

ನಿರೀಕ್ಷಾ ಮೊಬೈಲಿನಿಂದ ತಲೆ ಎತ್ತಿ, "ಅಮ್ಮಾ, ಸೀರಿಯಸ್ಲೀ? ಯೂ ಆರ್ ಫಿಫ್ಟಿ ಒನ್!" ಎಂದಳು. ಐವತ್ತೊಂದಕ್ಕೆ ಬ್ರೇಕ್ ಒತ್ತಲು ಕಾಲು ಬರುವುದಿಲ್ಲವೇ ಎಂದು ಕೇಳಿದೆ. ಅವಳೇ ಕಲಿಯುವವರ ಲೈಸೆನ್ಸಿಗೆ ಅರ್ಜಿ ತುಂಬಿದಳು. ಗಂಡನ ಹೆಸರು ಇರುವ ಜಾಗವನ್ನೂ ಅವಳೇ ತುಂಬಿದ್ದು ಒಳ್ಳೆಯದಾಯಿತು.

ಇವರು, "ಮಥುರಾ ರೋಡು ಅಂದ್ರೆ ಆಟ ಅಲ್ಲ," ಎಂದರು. ಅಷ್ಟೇ. ಬೇಡ ಎನ್ನಲಿಲ್ಲ.

ಮೇ 6, ಸೋಮವಾರ

ಡ್ರೈವಿಂಗ್ ಸ್ಕೂಲಿನ ಅಮಿತಾಗೆ ಇಪ್ಪತ್ತಾರಿರಬಹುದು. ರೋಹ್ಟಕ್ ಕಡೆಯವಳು, ಕಂಠ ಮಾತ್ರ ಹವಾಲ್ದಾರನದು. ಕ್ಲಚ್ಚನ್ನು ಪ್ರೀತಿಯಿಂದ ಬಿಡಬೇಕಂತೆ. "ಆಂಟೀ ಜೀ, ಪ್ಯಾರ್ ಸೇ! ಪ್ಯಾರ್ ಸೇ!" ಎಂದು ಕೂಗುತ್ತಾಳೆ. ಅಷ್ಟು ಗದರಿಸಿಕೊಂಡು ಯಾರು ಪ್ರೀತಿ ಮಾಡಿಯಾರು? ಇವತ್ತು ಒಂದೇ ಸಿಗ್ನಲ್ಲಿನಲ್ಲಿ ಐದು ಸಲ ಗಾಡಿ ಆರಿತು. ಹಿಂದಿನವರು ಹಾರ್ನು ಹೊಡೆದರು, ಒಬ್ಬ ಇಳಿದು ಬಂದು ನನ್ನ ಮುಖ ನೋಡಿ ಸುಮ್ಮನೆ ವಾಪಸು ಹೋದ. ಗೇರು ಗಟ್ಟಿ, ಸೀಟು ತಗ್ಗು, ಕನ್ನಡಿ ಸೊಟ್ಟ ಎಂದೆಲ್ಲ ಮನೆಗೆ ಬಂದು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಳೆ ಮತ್ತೆ ಹೋಗುತ್ತೇನೆ.

ಈಗ ಒಬ್ಬ ಡ್ರೈವರ್ ಸಿಕ್ಕಿದ್ದಾನೆ, ಜೂನ್ ಕೊನೆಯವರೆಗೆ ಮಾತ್ರ. ಆಮೇಲೆ ಊರಿಗೆ ಹೋಗುತ್ತಾನಂತೆ. ಬದರ್‌ಪುರದಲ್ಲಿ ಅರ್ಧ ಗಂಟೆ ಚಹಾ ಕುಡಿದು ಹರಟೆ ಕೊಚ್ಚುತ್ತಾನೆ ಎಂದು ದಿಲೀಪನ ದೂರು. ಡ್ರೈವರ್‌ಗಳ ಜಾತಿಯೇ ಅದು. ಇವರೂ ಹಾಗೆಯೇ. ಮನೆಯಲ್ಲಿ ಲೋಟದ ತುಂಬ ಕಾಫಿ ಕುಡಿದು ಹೊರಟು, ಬದರ್‌ಪುರ ಬಂದ ಕೂಡಲೇ ಗಾಡಿ ನಿಲ್ಲಿಸಿ ಚಹಾ. ಈ ವಿಷಯಕ್ಕೆ ನಾವು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ಜಗಳವಾಡಿಲ್ಲ! ಹೋಟೆಲಿನವನಿಗೆ ಹಾದಿಬದಿಯ ಚಹಾ ಯಾಕೆ?

ಜೂನ್ 14, ಶುಕ್ರವಾರ

ಲೈಸೆನ್ಸ್ ಬಂತು. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ.

ಹಿಟ್ಟು ಕೊಳ್ಳಲು ಬಂದ ದಕ್ಷಿಣಾಮೂರ್ತಿಯವರಿಗೆ ತೋರಿಸಿದೆ. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿರುವ ಅವರು ತುಮಕೂರಿನವರು, ಯಾವುದೋ ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರು. ಏನು ಕೇಳಿದರೂ ಫೈಲು ತೆರೆದ ಹಾಗೆ ಹಿಂದಿನಿಂದ ಶುರುಮಾಡುತ್ತಾರೆ. "ವಸಂತಮ್ಮ, ನೀವು ಹೋಗೋದು ಸಾಮಾನ್ಯ ರಸ್ತೆ ಅಲ್ಲ. ಆಗ್ರಾಕ್ಕೆ ಬಾದಶಹರು ಹೋಗ್ತಿದ್ದ ದಾರಿ. ಪ್ರತಿ ಹರಿದಾರಿಗೂ ಒಂದು ಕಂಬ ನಿಲ್ಲಿಸಿದ್ರು, ಕೋಸ್ ಮಿನಾರ್ ಅಂತ. ಸರಿತಾ ವಿಹಾರದ ಹತ್ರ ಈಗಲೂ ಒಂದಿದೆ ನೋಡಿ. ಬದರ್‌ಪುರದಲ್ಲಿ ಸರಾಯಿ. ಅಂದ್ರೆ ಹೆಂಡದ ಅಂಗಡಿ ಅಲ್ಲಮ್ಮ, ತಂಗುವ ಛತ್ರ."

"ಬಾದಶಹರು ಇಡ್ಲಿ ಹಿಟ್ಟು ಹೊತ್ತಿದ್ರಾ?" ಎಂದೆ.

"ಅದು ದಾಖಲೆಯಲ್ಲಿ ಇಲ್ಲ," ಎಂದರು ಗಂಭೀರವಾಗಿ.

ಜುಲೈ 2, ಮಂಗಳವಾರ

ಒಬ್ಬಳೇ ಹೋದೆ. ಒಬ್ಬಳೇ ಬಂದೆ.

ಇವರು ಇಂಜೆಕ್ಷನ್ ಹಾಕಿಸಿಕೊಂಡಿದ್ದರಿಂದ ಗಾಡಿಯ ಕುಲುಕಾಟ ಸಲ್ಲದು ಎಂದಿದ್ದಾರೆ ಡಾಕ್ಟರು. ಆದರೆ ಬಿಡುವವರೇ? ಮಂಚದ ಮೇಲೆ ಕೂತು ಫೋನಿನಲ್ಲಿ ಓಡಿಸಿದರು. "ಆಶ್ರಮ ಚೌಕ ದಾಟಿದೆಯಾ? ಈಗ ಎಡಕ್ಕೆ ಒಂದು ದೊಡ್ಡ ನೇರಳೆ ಮರ ಬರ್ತದೆ." ಮರವಿಲ್ಲ, ಮೆಟ್ರೋ ಕಂಬ ಇದೆ. "ಪವರ್ ಹೌಸಿನ ಹೊಗೆ ಕಂಡ ಕೂಡಲೇ ನಿಧಾನ ಮಾಡು." ಪವರ್ ಹೌಸು ಮುಚ್ಚಿ ಎಷ್ಟೋ ವರ್ಷವಾಯಿತು. ದಿನಾ ಅದೇ ರಸ್ತೆಯಲ್ಲಿ ಹೋಗಿ ಬಂದವರ ಕಣ್ಣಿಗೆ ಹೊಸದು ಯಾವುದೂ ಅಂಟಿಯೇ ಇಲ್ಲ.

ಬದರ್‌ಪುರದಲ್ಲಿ ರಸ್ತೆ ಎರಡಾಗುತ್ತದೆ. ಮೇಲೆ ಫ್ಲೈಓವರ್ ಹತ್ತಿದರೆ ಟೋಲ್ ಕೊಟ್ಟು ಸೀದಾ ಫರೀದಾಬಾದ್. ಕೆಳಗೆ ಹಳೆಯ ರಸ್ತೆ, ಬಸ್ಸು, ಆಟೋ, ಗುಂಡಿ, ತರಕಾರಿ ಗಾಡಿ. "ಕೆಳಗೇ ಹೋಗು. ನಿಲ್ಲಿಸಿ ಒಂದು ಚಹಾ ಕುಡಿ," ಎಂದರು. ಟೋಲ್ ಉಳಿಸುವ ಜಿಪುಣತನ, ಮೇಲಿಂದ ಚಹಾ ಬೇರೆ! ಸರಿ ಎಂದು ಹೇಳಿ ಮೇಲೆ ಹೋದೆ. ಏಳು ನಿಮಿಷ ಉಳಿಯಿತು. ಐದೂ ಐವತ್ತಕ್ಕೆ ಶಟರ್ ಎತ್ತಿದೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ದಿಲೀಪನಿಗೆ ಹೇಳಿ ನಕ್ಕೆ.

ಒಂದೇ ತೊಂದರೆ. ಪಾತ್ರೆಗಳ ಬಾಯಿಗೆ ಇವರು ಬಟ್ಟೆ ಕಟ್ಟುವುದು ರೂಢಿ. ನಾನು ಹಂಪು ಹಾರಿಸಿದಾಗಲೆಲ್ಲ ಹಿಟ್ಟು ಚೆಲ್ಲಿತು. ಬಿಗಿ ಮುಚ್ಚಳದ ಹೊಸ ಡ್ರಮ್ಮು ತರಬೇಕು.

ಜುಲೈ 9, ಮಂಗಳವಾರ

ಹೇಗೆ ಬರೆಯಲಿ? ಮೂರು ಸಲ ತಲೆಗೆ ಸ್ನಾನ ಮಾಡಿದ್ದೇನೆ, ಇನ್ನೂ ಕಿವಿಯ ಹಿಂದೆ ಹಿಟ್ಟು ಸಿಗುತ್ತಿದೆ.

ನಿನ್ನೆ ಹೊಸ ಡ್ರಮ್ಮುಗಳು ಬಂದವು. ಎರಡು, ಪ್ಲಾಸ್ಟಿಕ್ಕಿನವು, ಕಬ್ಬಿಣದ ಪಟ್ಟಿ ಹಾಕಿ ಬಿಗಿಯುವಂಥವು. ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ ಎಂದು ಅಂಗಡಿಯವನು ಆಣೆ ಹಾಕಿದ್ದ. ಬೆಳಿಗ್ಗೆ ಹದವಾಗಿ ಉಬ್ಬಿದ ಹಿಟ್ಟನ್ನು ಕುತ್ತಿಗೆಯವರೆಗೆ ತುಂಬಿ, ಪಟ್ಟಿ ಬಿಗಿದು ಹೊರಟೆ. ಇವರು ಫೋನಿನಲ್ಲಿ ಮತ್ತೆ ನೇರಳೆ ಮರದ ಪುರಾಣ ತೆಗೆದಾಗ ಸಿಟ್ಟು ಬಂದು ಫೋನು ಆರಿಸಿಯೇ ಬಿಟ್ಟೆ. ಬದರ್‌ಪುರದಲ್ಲಿ ಮೇಲೆ ಹತ್ತಿದೆ. ಹತ್ತಿ ನೋಡಿದರೆ ಮುಂದೆ ಒಂದು ಲಾರಿ ಅಡ್ಡ ನಿಂತಿದೆ, ಹಿಂದೆ ಇನ್ನೂರು ಗಾಡಿ. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಬರಲು ದಾರಿಯಿಲ್ಲ, ಇಳಿದು ಹೋಗಲು ನೆಲವಿಲ್ಲ. ಗಾಳಿಯೇ ಆಡದ ಸೆಕೆ. ಐವತ್ತು ನಿಮಿಷ.

ಮೊದಲು ಒಂದು ಸದ್ದು ಬಂತು, ಹೊಟ್ಟೆ ಕೆಟ್ಟವರ ಹೊಟ್ಟೆ ಗುಡುಗಿದ ಹಾಗೆ. ತಿರುಗಿ ನೋಡಿದೆ. ಡ್ರಮ್ಮಿನ ಮುಚ್ಚಳ ಉಬ್ಬಿ ಮೇಲೆದ್ದಿತ್ತು. ಒಂದಿಷ್ಟು ಸಡಿಲಿಸೋಣ ಎಂದು ಪಟ್ಟಿಗೆ ಕೈ ಹಾಕಿದ್ದೇ ತಪ್ಪು. ಮುಚ್ಚಳ ಚಾವಣಿಗೆ ಬಡಿಯಿತು. ನಾನು, ಸೀಟು, ಗಾಜು, ಡ್ಯಾಶ್‌ಬೋರ್ಡಿನ ಗಣಪತಿ, ಎಲ್ಲರಿಗೂ ಹಿಟ್ಟಿನ ಅಭಿಷೇಕ. ಅದರ ಬೆನ್ನಿಗೇ ಎರಡನೆಯದೂ ಹಾರಿತು. ಪಕ್ಕದ ಬೈಕಿನವನು ಬಾಂಬೆಂದು ಬೈಕು ಬಿಟ್ಟು ಓಡಿದ.

ಇಪ್ಪತ್ತಾರು ವರ್ಷದಿಂದ ಹಿಟ್ಟು ರುಬ್ಬುವವಳು ನಾನು! ಹುದುಗುವ ಹಿಟ್ಟಿನ ಬಾಯಿ ಬಿಗಿಯಬಾರದೆಂದು ಹತ್ತು ವರ್ಷದ ಹುಡುಗಿಗೂ ಗೊತ್ತು. ಹಿಟ್ಟು ಚೆಲ್ಲಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು, ಹಿಟ್ಟು ಉಸಿರಾಡುತ್ತದೆ ಎನ್ನುವುದೇ ಮರೆತಿತ್ತು.

ಅಂಗಡಿ ಮುಟ್ಟಿದಾಗ ಏಳೂಕಾಲು. ಇಡ್ಲಿ ಇಲ್ಲ. ದಿಲೀಪ ಬಕೆಟ್ಟು ತಂದು ಗಾಡಿ ತೊಳೆದ. ಮಹಡಿಯ ಮೇಲಿನ ಬಾಲ್ಕನಿಯಲ್ಲಿ ಪೇಪರು ಓದುತ್ತ ಕೂತಿದ್ದ ಜಾಗದ ಮಾಲೀಕ ಚೌಧರಿ ಸಾಹೇಬರು ಎಲ್ಲವನ್ನೂ ನೋಡಿದರು. ನಾನು ವ್ಯಾನಿನ ಹಿಂದೆ ನಿಂತು ಅತ್ತೆ. ಅತ್ತಿದ್ದು ಯಾರಿಗೂ ಕಂಡಿರಲಿಕ್ಕಿಲ್ಲ, ಮುಖದ ತುಂಬ ಹಿಟ್ಟಿತ್ತು.

ಜುಲೈ 10, ಬುಧವಾರ

ನಿನ್ನೆ ಸಂಜೆ ಇವರು ಕೇಳಿದ್ದು ಒಂದೇ ಮಾತು.

"ಬದರ್‌ಪುರದಲ್ಲಿ ಹಿಟ್ಟಿನ ಬಾಯಿ ತೆಗೀಲಿಲ್ವಾ?"

"ಎಂಥ ಬಾಯಿ?"

"ಅಯ್ಯೋ ಮಾರಾಯ್ತಿ, ಚಹಾ ಒಂದು ನೆಪ. ಅವ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಕೊಡ್ತಾನೆ, ಅದಕ್ಕೆ ಒಂದು ಚಹಾ. ನಾನು ಬಟ್ಟೆ ಬಿಚ್ಚಿ ಹಿಟ್ಟಿಗೆ ಉಸಿರು ಬಿಡಿಸಿ ಮತ್ತೆ ಕಟ್ತೇನೆ. ಇಲ್ಲದಿದ್ರೆ ಬೇಸಿಗೆಯಲ್ಲಿ ಬಾಟಾ ಚೌಕ ಮುಟ್ಟುವಾಗ ಅರ್ಧ ಹಿಟ್ಟು ಗಾಡಿಯಲ್ಲೇ. ಮೇಲಿನ ರೋಡಿನಲ್ಲಿ ನಿಲ್ಲಿಸ್ಲಿಕ್ಕೆ ಎಲ್ಲುಂಟು ಜಾಗ?"

"ಇಪ್ಪತ್ತಾರು ವರ್ಷ ಜಗಳ ಆಡಿದೆನಲ್ಲ, ಒಂದು ದಿನ ಆದ್ರೂ ಹೇಳಬಾರದಿತ್ತಾ?"

"ಹಿಟ್ಟಿನ ವಿಷಯ ನಿನಗೆ ನಾನು ಹೇಳಿಕೊಡುವುದಾ?"

 ಹಳೆಯ ಪಾತ್ರೆ, ಹಳೆಯ ಬಟ್ಟೆ ಹೊರತೆಗೆದೆ. ಇವತ್ತು ಕೆಳಗೆ ಹೋದೆ. ಬಸ್ ಸ್ಟಾಪಿನ ಹಿಂದೆ ಚಹಾದ ಗುಡಿಸಲು. ವ್ಯಾನು ಕಂಡವನೇ ಚಹಾದ ಭಯ್ಯಾ ಒಂದು ಚೊಂಬು ನೀರು ತಂದು ಇಟ್ಟ, ನಾನು ಕೇಳುವ ಮೊದಲೇ. ಹಿಟ್ಟು ಮುಟ್ಟುವ ಮುಂಚೆ ಕೈ ತೊಳೆಯಲು. ಇವರಿಗಾಗಿಯೇ ಎತ್ತಿಟ್ಟ ಚೊಂಬು ಅದು. "ಚನಿಯಾ ಭಾಯ್ ಕೈಸೇ ಹೈಂ?" ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದೆ. ಚಹಾ ಕುಡಿದೆ. ಶುಂಠಿ ಜಾಸ್ತಿ. ಐದೂ ಐವತ್ತೈದಕ್ಕೆ ಶಟರ್ ಎತ್ತಿದೆ.

ಜುಲೈ 27

ಕಂಬ ಸಿಕ್ಕಿತು. ದಕ್ಷಿಣಾಮೂರ್ತಿಯವರು ಹೇಳಿದ ಇಟ್ಟಿಗೆಯ ಕೋಸ್ ಮಿನಾರ್, ಸರಿತಾ ವಿಹಾರದ ಬಳಿ. ಇಷ್ಟು ದಿನ ಹಾರ್ನಿನ ಗಡಿಬಿಡಿಯಲ್ಲಿ ಕಂಡಿರಲಿಲ್ಲ. ಕಂಬ ದಾಟುವಾಗ ಐದೂ ಹತ್ತು ಆಗಿದ್ದರೆ ದಾರಿ ಸರಿಯಾಗಿದೆ ಎಂದರ್ಥ. ಐದೂ ಇಪ್ಪತ್ತಾದರೆ ಗಾಡಿ ಓಡಿಸಬೇಕು. ಇವರ ನೇರಳೆ ಮರಕ್ಕಿಂತ ನನ್ನ ಕಂಬ ವಾಸಿ.

ಬೆಳಿಗ್ಗೆ ಅಡ್ಡ ಬಂದ ಲಾರಿಯವನಿಗೆ ಗಾಜು ಇಳಿಸಿ ಹಿಂದಿಯಲ್ಲಿ ಎರಡು ಮಾತು ಹೇಳಿದೆ. ಎಲ್ಲಿ ಕಲಿತೆನೋ ಗೊತ್ತಿಲ್ಲ. ನಿರೀಕ್ಷಾಗೆ ಹೇಳಲಾರೆ.

ಆಗಸ್ಟ್ 4, ಭಾನುವಾರ

ಕಿರಣ್ ಸ್ವೀಟ್ ಡಬ್ಬ ಹಿಡಿದುಕೊಂಡು ಬಂದ. "ಒಳ್ಳೇ ನಿರ್ಧಾರ ದೊಡ್ಡಮ್ಮ. ಅಕ್ಟೋಬರಿಂದ ದೊಡ್ಡಪ್ಪ ನಮ್ಮಲ್ಲಿಗೆ."

"ಯಾವ ನಿರ್ಧಾರ?"

ಅವನು ಇವರ ಮುಖ ನೋಡಿದ. ಇವರು ಕಿಟಕಿ ನೋಡಿದರು. ಹಿಟ್ಟು ಹಾರಿದ ದಿನವೇ ಕಿರಣ್‌ಗೆ ಫೋನು ಮಾಡಿ ಒಪ್ಪಿಕೊಂಡಿದ್ದಾರೆ. ಚೌಧರಿ ಸಾಹೇಬರಿಗೂ ಸೆಪ್ಟೆಂಬರಿಗೆ ಜಾಗ ಬಿಡುತ್ತೇವೆ ಎಂದು ಹೇಳಿ ಆಗಿದೆ. ಇಪ್ಪತ್ತಾರು ದಿನ! ದಿನಾ ಬೆಳಿಗ್ಗೆ ನಾನು ನಾಲ್ಕಕ್ಕೆ ಎದ್ದು ಹೋಗುವುದನ್ನು ನೋಡುತ್ತ, ಫೋನಿನಲ್ಲಿ ಮರ ಬಂತಾ, ಹೊಗೆ ಬಂತಾ ಎಂದು ಕೇಳುತ್ತ, ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ಸ್ವೀಟ್ ಡಬ್ಬವನ್ನು ಮುಟ್ಟಲಿಲ್ಲ. ಇವರ ಜೊತೆ ಮಾತೂ ಆಡಲಿಲ್ಲ.

ಆಗಸ್ಟ್ 5, ಸೋಮವಾರ

ಶಟರ್ ಎತ್ತಿ, ಹಿಟ್ಟು ಇಳಿಸಿ, ಸೀದಾ ಮಹಡಿ ಹತ್ತಿದೆ. ಚೌಧರಿ ಸಾಹೇಬರಿಗೆ ಎಪ್ಪತ್ತೈದಾಗಿರಬೇಕು, ಹುಕ್ಕಾ ಬಿಟ್ಟರೂ ಪೇಪರು ಬಿಟ್ಟಿಲ್ಲ.

"ಬೆಹೆನ್‌ಜೀ, ಚನಿಯಾ ಜೀ ತಾವೇ ಬೇಡ ಅಂದರಲ್ಲ," ಎಂದರು ಹಿಂದಿಯಲ್ಲಿ. "ಮೊಬೈಲ್ ಅಂಗಡಿಯವನೊಬ್ಬ ಕೇಳುತ್ತಿದ್ದಾನೆ."

"ಅವರು ಬೇಡ ಅಂದರು. ನಾನು ಅಂದಿಲ್ಲ. ಕರಾರು ನನ್ನ ಹೆಸರಿಗೆ ಮಾಡಿ."

"ಹಿಟ್ಟು ಯಾರು ತರುತ್ತಾರೆ?"

"ಈಗ ಯಾರು ತರುತ್ತಿದ್ದಾರೆ?"

ಮುದುಕರು ಪೇಪರು ಮಡಿಸಿಟ್ಟರು. ಮುಚ್ಚಿದ ಶಟರಿನ ಮೇಲೆ ಮನೆ ಮಾಡಿಕೊಂಡಿರುವುದು ತಮಗೆ ಇಷ್ಟವಿಲ್ಲ, ಬೀದಿಗೇ ಅಪಶಕುನ ಎಂದರು. ಕೊನೆಗೆ ಒಂದು ಷರತ್ತು ಹಾಕಿದರು. ಸೆಪ್ಟೆಂಬರ್ ಮೂವತ್ತರವರೆಗೆ ಪ್ರತಿದಿನ ಆರರೊಳಗೆ ಹಿಟ್ಟು ಬಂದು ಶಟರ್ ಏಳಬೇಕು. ಒಂದೇ ಒಂದು ದಿನ ತಪ್ಪಿದರೂ ಜಾಗ ಮೊಬೈಲ್ ಅಂಗಡಿಗೆ. ಒಪ್ಪಿದೆ. ಒಪ್ಪಿದ್ದಕ್ಕೆ ಬೇಸರವಿಲ್ಲ.

ಆಗಸ್ಟ್ 6, ಮಂಗಳವಾರ

ಇವರೇ ಮೊದಲು ಮಾತಾಡಿದರು. ಹುರುಳಿ ಆರಿಸುತ್ತಿದ್ದೆ, ಪಕ್ಕದಲ್ಲಿ ಬಂದು ಕೂತರು.

"ಆ ದಿನ ನೀನು ಫೋನ್ ಆರಿಸಿದ್ದೆ. ಎರಡು ಗಂಟೆ. ಆ ರೋಡಿನಲ್ಲಿ ಎಷ್ಟು ಜನ ಸತ್ತದ್ದನ್ನು ನೋಡಿದ್ದೇನೆ ಅಂತ ನಿನಗೆ ಗೊತ್ತಿಲ್ಲ, ಮನೆಗೆ ಬಂದು ಹೇಳಿದವ ಅಲ್ಲ ನಾನು. ಅಂಗಡಿ ಹೋದರೆ ಹೋಗಲಿ ಅಂತ ಕಂಡಿತು."

"ಅದನ್ನು ನನಗೆ ಹೇಳಬೇಕಿತ್ತು. ಕಿರಣ್‌ಗಲ್ಲ."

"ಹೌದು."

"ಕರಾರು ನನ್ನ ಹೆಸರಿಗೆ ಆಗ್ತದೆ. ಮೂವತ್ತನೇ ತಾರೀಕಿನವರೆಗೆ ಒಂದು ದಿನವೂ ತಪ್ಪಬಾರದು ಅಂದಿದ್ದಾರೆ."

 ಇವರು ಮೊರಕ್ಕೆ ಕೈ ಹಾಕಿ, ಬೆರಳ ತುದಿಯಲ್ಲೇ ತಡವಿ, ಒಂದು ಕಲ್ಲು ಹೆಕ್ಕಿ ಹೊರಗೆ ಹಾಕಿದರು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅದು. ನನಗೆ ಇವರ ಮೇಲೆ ಸಿಟ್ಟು ಇನ್ನೂ ಇದೆ. ಪ್ರೀತಿಯೂ ಇದೆ, ಏನು ಮಾಡಲಿ?

ಆಗಸ್ಟ್ 29, ಗುರುವಾರ

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ನಾಲ್ಕೂವರೆಗೇ ಹೊರಟೆ. ಆಶ್ರಮದಲ್ಲಿ ನೀರು ನಿಂತು ಪೊಲೀಸರು ಹಗ್ಗ ಕಟ್ಟಿದ್ದಾರೆಂದು ಎದುರಿಂದ ಬಂದ ಆಟೋದವನು ಕೂಗಿ ಹೇಳಿದ. ಶ್ರೀನಿವಾಸಪುರಿಯ ಕಡೆ ತಿರುಗಿಸಿ, ಓಖ್ಲಾದ ಬಳಿ ಮಥುರಾ ರಸ್ತೆಗೆ ಬಿದ್ದೆ. ಬದರ್‌ಪುರದ ಕೆಳರಸ್ತೆಯಲ್ಲಿ ಸೊಂಟದವರೆಗೆ ನೀರಿದೆ ಎಂದು ಪೆಟ್ರೋಲ್ ಬಂಕಿನವನು ಹೇಳಿದ. ಹಾಗಾದರೆ ಹಿಟ್ಟಿನ ಬಾಯಿ ಎಲ್ಲಿ ತೆಗೆಯುವುದು? ಕಂಬದ ಹತ್ತಿರ ಗಾಡಿ ನಿಲ್ಲಿಸಿದೆ. ಸೆರಗು ತಲೆಯ ಮೇಲೆ ಹೊದ್ದು, ಮಳೆನೀರಲ್ಲೇ ಕೈ ತೊಳೆದು, ಬಟ್ಟೆ ಬಿಚ್ಚಿದೆ, ಉಸಿರು ಬಿಡಿಸಿದೆ, ಕಟ್ಟಿದೆ. ಬಾದಶಹರ ಕಂಬಕ್ಕೂ ಒಂದು ಕೆಲಸ ಸಿಕ್ಕಿತು.

ಫೋನು ಬಂತು. "ಕೆಳಗೇ ಹೋಗು ಆಯ್ತಾ?"

"ಇವತ್ತು ಕೆಳಗೆ ರೋಡೇ ಇಲ್ಲ. ಮೇಲೆ ಹೋಗ್ತೇನೆ. ಹಿಟ್ಟಿನ ಕೆಲಸ ಇಲ್ಲೇ ಮುಗಿಸಿದೆ."

ಬೈಯುತ್ತಾರೆ ಎಂದುಕೊಂಡೆ. "ಸರಿ. ನಿನಗೆ ಕಾಣ್ತದಲ್ಲ," ಎಂದರು. ಅವರೇ ಫೋನು ಇಟ್ಟರು.

ಐದೂ ಐವತ್ತೆರಡು. ಆರು ಜನ ಕೊಡೆ ಹಿಡಿದು ಕಾದಿದ್ದರು. ಚೌಧರಿ ಸಾಹೇಬರು ಬಾಲ್ಕನಿಯಿಂದ ಬಗ್ಗಿ ನೋಡಿದರು. ಅವರ ಪೇಪರು ಇನ್ನೂ ಬಂದಿರಲಿಲ್ಲ.

ಸೆಪ್ಟೆಂಬರ್ 14

ಬರೆಯಲು ಏನೂ ಇಲ್ಲ. ಹೋದೆ, ಬಂದೆ. ನೇರಳೆ ಮರದ ಜಾಗ ಯಾವುದೆಂದು ಗೊತ್ತಾಯಿತು. ಅಲ್ಲಿನ ಮೆಟ್ರೋ ಕಂಬದ ಸಂಖ್ಯೆ ನೋಡಿಕೊಂಡು ಬಂದು ಇವರಿಗೆ ಹೇಳಿದೆ.

ಸೆಪ್ಟೆಂಬರ್ 30, ಸೋಮವಾರ

ಒಂದು ದಿನವೂ ತಪ್ಪಲಿಲ್ಲ. ಚೌಧರಿ ಸಾಹೇಬರ ವಕೀಲ ಕಾಗದ ಹರಡಿಕೊಂಡು ನನ್ನ ಹೆಸರು, ವಯಸ್ಸು, ಊರು ಬರೆದುಕೊಂಡ. "ಪತಿ ಕಾ ನಾಮ್?" ಎಂದ.

"ಚನಿಯ," ಎಂದೆ.

ಸಹಿ ಹಾಕಿ ಕೆಳಗಿಳಿದ ಮೇಲೆ, ಸಾಕ್ಷಿಗೆಂದು ಜೊತೆಗೆ ಬಂದಿದ್ದ ದಿಲೀಪ, "ಅಕ್ಕ, ಚನಿಯಣ್ಣನ ಹೆಸರು ಹೇಳಿಬಿಟ್ರಿ!" ಎಂದು ನಕ್ಕ. ಮತ್ತೇನು, ಸಾಲು ಖಾಲಿ ಬಿಡಲಾಗುತ್ತದೆಯೇ? ನಾಳೆಗೆ ಇನ್ನೆರಡು ಸೇರು ಅಕ್ಕಿ ಹೆಚ್ಚು ನೆನೆಸಬೇಕು, ಹೊಸ ಕರಾರಿನ ಮೊದಲ ದಿನ.

ಮನೆಗೆ ಬಂದು ಹೇಳಿದಾಗ ಇವರು, "ನಾಳೆ ನನ್ನನ್ನೂ ಕರ್ಕೊಂಡು ಹೋಗು. ಕುಲುಕಾಡಿದರೆ ಅಡ್ಡಿ ಇಲ್ಲ ಅಂದಿದ್ದಾರೆ ಡಾಕ್ಟ್ರು," ಎಂದರು. ಬಲಗಣ್ಣು ಇದ್ದ ಹಾಗೇ ಇದೆ. ಇನ್ನು ಹೆಚ್ಚಾಗುವುದಿಲ್ಲವಂತೆ, ಕಡಿಮೆಯೂ ಆಗುವುದಿಲ್ಲವಂತೆ. ಬಾಯಿ ಮುಚ್ಚಿಕೊಂಡು ಕೂರುವುದಾದರೆ ಬನ್ನಿ ಎಂದೆ.

ಅಕ್ಟೋಬರ್ 1, ಮಂಗಳವಾರ

ಬಾಯಿ ಮುಚ್ಚಿಕೊಂಡು ಕೂರುವ ಪೈಕಿಯೇ? ಕೋಟ್ಲಾ ಬಿಟ್ಟಾಗಿನಿಂದ ಶುರು. ಗೇರು ಬದಲಿಸು, ಬಲಕ್ಕೆ ಬಸ್ಸಿನ ಸದ್ದು ಬರ್ತಾ ಉಂಟು, ನಿಧಾನ. ಬಲಗಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಆಶ್ರಮದ ತಿರುವಿನಲ್ಲಿ ನನ್ನ ತೋಳು ಹಿಡಿದೇ ಬಿಟ್ಟರು. ಇನ್ನೊಂದು ಸಲ ಮುಟ್ಟಿದರೆ ಇಲ್ಲೇ ಇಳಿಸಿ ಹೋಗುತ್ತೇನೆ ಎಂದೆ. ಕೈ ತೆಗೆದರು.

ಮರದ ಜಾಗ ಬಂದಾಗ, "ಇದೇ ನೋಡಿ," ಎಂದೆ. ಹೊರಗೆ ಮುಖ ಮಾಡಿದರು. ಏನು ಕಂಡಿತೋ. ಆಮೇಲೆ ಸದ್ದಿಲ್ಲ. ಕೋಪ ಮಾಡಿಕೊಂಡರು ಎಂದುಕೊಂಡೆ. ಕಂಬ ದಾಟಿತು, ಐದೂ ಎಂಟು. ಆಗಲೂ ಸದ್ದಿಲ್ಲ.

ಬದರ್‌ಪುರದಲ್ಲಿ ಕೆಳಗಿಳಿದು ಗಾಡಿ ನಿಲ್ಲಿಸಿ ನೋಡುತ್ತೇನೆ, ತಲೆ ಗಾಜಿಗೆ ಆನಿಸಿ, ಬಾಯಿ ತೆರೆದು, ಗಾಢ ನಿದ್ದೆ. ಈ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಓಡಾಡಿದ ಮನುಷ್ಯ ಒಂದು ದಿನವೂ ಇಲ್ಲಿ ಕಣ್ಣು ಮುಚ್ಚಿದವರಲ್ಲ.

ಎಬ್ಬಿಸಲಿಲ್ಲ. ಚಹಾದ ಭಯ್ಯಾ ಚೊಂಬು ತಂದಿಟ್ಟು, ಒಳಗೆ ಇಣುಕಿ, ಚಪ್ಪಲಿ ಸದ್ದು ಮಾಡದೆ ಹೋಗಿ ಎರಡು ಗ್ಲಾಸು ತಂದ. ಬಟ್ಟೆ ಬಿಚ್ಚಿ, ಉಸಿರು ಬಿಡಿಸಿ, ಕಟ್ಟಿದೆ. ಎರಡು ಚಹಾವನ್ನೂ ನಾನೇ ಕುಡಿದೆ. ಶುಂಠಿ ಈಗ ಅಭ್ಯಾಸವಾಗಿದೆ.

ಐದೂ ಐವತ್ತಕ್ಕೆ ಬಾಟಾ ಚೌಕದಲ್ಲಿ ನಾನು ಶಟರ್ ಎತ್ತಿದ ಸದ್ದಿಗೆ ಇವರಿಗೆ ಎಚ್ಚರವಾಯಿತು. ಗಾಜು ಇಳಿಸಿ, ನಿದ್ದೆಗಣ್ಣಲ್ಲೇ ಕೇಳಿದರು:

"ವಸಂತಿ, ಬದರ್‌ಪುರ ಬಂತಾ?"